ಅಡವಿಟ್ಟ ವಿಶ್ವಕಪ್

ಮಳೆಗಾಲ ಮುಗಿದು ಗೋವೆಯ ಗದ್ದೆ ಬಯಲುಗಳಲ್ಲಿ ಫುಟ್‌ಬಾಲ್ ಪಂದ್ಯಾವಳಿಗಳು ಶುರುವಾಗಿದ್ದ ದಿನಗಳಲ್ಲಿ, ವಾಸ್ಕೊದ ನಮ್ಮ ಪತ್ತಿನ ಸಂಘದ ಅಡವು ಸಾಲದ ಕೌಂಟರಿಗೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಬಂದು, ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಟ್ರೋಫಿಯೊಂದನ್ನು ನನ್ನ ಮುಂದೆ ಇಟ್ಟ. ಜುವಾರಿನಗರದ ಕನ್ನಡ ಹುಡುಗ. ಮಾತಿನಲ್ಲಿ ವಿಜಯಪುರದ ಕಡೆಯ ಎಳೆತವಿತ್ತು. "ಸರ್, ಇದರ ಮ್ಯಾಲೆ ಎಷ್ಟು ಕೊಡ್ತೀರಿ?" ಎಂದು ಕೇಳಿದ. ಮುಂದಿನ ಪಂದ್ಯಾವಳಿಯ ಪ್ರವೇಶ ಶುಲ್ಕಕ್ಕೂ ಜೆರ್ಸಿಗಳಿಗೂ ಹಣ ಸಾಲದೆ, ತಂಡದವರೆಲ್ಲ ಕೂಡಿ ಹಿಂದಿನ ವರ್ಷ ಗೆದ್ದದ್ದನ್ನೇ ಅಡವಿಡಲು ಕಳುಹಿಸಿದ್ದರು. ಒರೆಗಲ್ಲಿಗೆ ಹಚ್ಚುವ ಅಗತ್ಯವೂ ಇರಲಿಲ್ಲ. ಹಿಡಿಕೆಯ ಬಳಿ ಮುಲಾಮು ಎದ್ದುಹೋಗಿ ಒಳಗಿನ ಅಗ್ಗದ ಲೋಹ ಕಾಣುತ್ತಿತ್ತು. ಚಿನ್ನದ ಹೊರತು ಬೇರೆ ಯಾವುದರ ಮೇಲೂ ನಾವು ಸಾಲ ಕೊಡುವುದಿಲ್ಲವೆಂದು ತಿಳಿಸಿ, ಅವನ ಮುಖ ಬಾಡಿದ್ದನ್ನು ನೋಡಲಾರದೆ, ಟ್ರೋಫಿಯನ್ನು ಅಡವಿಟ್ಟ ದೊಡ್ಡ ಕ್ಲಬ್ಬೊಂದರ ಕಥೆಯನ್ನು ಅಲ್ಲಿಯೇ ಚಿಕ್ಕದಾಗಿ ಹೇಳಿದೆ. ದೊಡ್ಡ ಕ್ಲಬ್ ಎಂದದ್ದು ನನ್ನ ಬಾಯ್ತಪ್ಪು. ಆ ಕ್ಲಬ್ ದೊಡ್ಡದೇನಲ್ಲ, ಅದರ ಊರೂ ದೊಡ್ಡದಲ್ಲ. ಅಂದು ಅವಸರದಲ್ಲಿ ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಈಶಾನ್ಯದಲ್ಲಿರುವ ಡರಹಂ ಕೌಂಟಿ ಒಂದು ಕಾಲಕ್ಕೆ ಕಲ್ಲಿದ್ದಲಿನ ನಾಡು. ಅಲ್ಲಿಯ ಗಣಿಗಾರರ ಹಳ್ಳಿಗಳಲ್ಲಿ ಒಂದಾದ ವೆಸ್ಟ್ ಆಕ್ಲೆಂಡಿನ ಫುಟ್‌ಬಾಲ್ ಕ್ಲಬ್ ತನ್ನ ಹುಟ್ಟನ್ನು 1893ಕ್ಕೆ ಗುರುತಿಸಿಕೊಳ್ಳುತ್ತದೆ. ಅದು ಆಡುವ ನಾರ್ದರ್ನ್ ಲೀಗ್ 1889ರಲ್ಲಿ ಆರಂಭವಾದದ್ದು. ಇಂದಿಗೂ ನಡೆಯುತ್ತಿರುವ ಫುಟ್‌ಬಾಲ್ ಲೀಗುಗಳಲ್ಲಿ ಜಗತ್ತಿನಲ್ಲೇ ಎರಡನೆಯ ಹಳೆಯದು. ಇಂಗ್ಲೆಂಡಿನ ಮೇಲಿನ ನಾಲ್ಕು ವಿಭಾಗಗಳಲ್ಲಿ ಆಡುವ 92 ಕ್ಲಬ್ಬುಗಳನ್ನು ಬಿಟ್ಟರೆ ಉಳಿದವನ್ನೆಲ್ಲ ಅಲ್ಲಿಯವರು ಒಟ್ಟಾಗಿ ನಾನ್‌ಲೀಗ್ ಎಂದು ಕರೆಯುತ್ತಾರೆ. ಲೀಗುಗಳಲ್ಲೇ ಆಡುತ್ತಿದ್ದರೂ ಲೀಗಿಗೆ ಸೇರದವರು ಎನಿಸಿಕೊಳ್ಳುವ ಈ ವಿಚಿತ್ರ ಹೆಸರು ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು. ನಾರ್ದರ್ನ್ ಲೀಗಿನ ಮೊದಲ ವಿಭಾಗವೇ ಇಂಗ್ಲೆಂಡಿನ ಲೀಗುಗಳ ಏಣಿಯಲ್ಲಿ ಮೇಲಿನಿಂದ 9ನೆಯ ಮೆಟ್ಟಿಲು. ಹಗಲೆಲ್ಲ ಬೇರೆ ಕೆಲಸ ಮಾಡಿ, ಸಂಜೆ ಅಭ್ಯಾಸ ನಡೆಸಿ, ಶನಿವಾರ ಆಡುವವರ ಲೋಕವದು.

ಈ ಹಳ್ಳಿಯ ಹೆಸರು ಜಗತ್ತಿಗೆ ತಿಳಿದದ್ದು ಚಹಾ ವ್ಯಾಪಾರಿಯೊಬ್ಬನ ದೆಸೆಯಿಂದ. ಗ್ಲಾಸ್ಗೋದ ಬಡ ಕುಟುಂಬದಲ್ಲಿ ಹುಟ್ಟಿದ ಥಾಮಸ್ ಲಿಪ್ಟನ್ 1871ರಲ್ಲಿ ಒಂದು ದಿನಸಿ ಅಂಗಡಿ ತೆರೆದು, ಅದನ್ನು ಊರೂರಿಗೆ ಹಬ್ಬಿಸಿ, 1890ರಲ್ಲಿ ಸಿಲೋನಿಗೆ ಹೋಗಿ ಚಹಾ ತೋಟಗಳನ್ನು ಕೊಂಡು, ನಮ್ಮ ಗೂಡಂಗಡಿಗಳ ಬೋರ್ಡುಗಳವರೆಗೂ ತನ್ನ ಹೆಸರನ್ನು ತಲುಪಿಸಿದವನು. ಅವನಿಗೆ ಎರಡು ಹುಚ್ಚುಗಳಿದ್ದವು: ಒಂದು ಹಾಯಿದೋಣಿಯ ಪಂದ್ಯ, ಇನ್ನೊಂದು ಟ್ರೋಫಿ ಹಂಚುವುದು. ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಪಂದ್ಯವನ್ನು ಗೆಲ್ಲಲೆಂದು 1899, 1901, 1903, 1920 ಮತ್ತು 1930ರಲ್ಲಿ ಐದು ಬಾರಿ ‘ಶ್ಯಾಮ್ರಾಕ್’ ಹೆಸರಿನ ದೋಣಿಗಳನ್ನು ಇಳಿಸಿ ಐದು ಬಾರಿಯೂ ಸೋತ. ತನಗೆ ದಕ್ಕದ್ದನ್ನು ಬೇರೆಯವರಿಗೆ ಧಾರಾಳವಾಗಿ ಕೊಟ್ಟ ಎನ್ನಬೇಕು. 1905ರಿಂದ ಅರ್ಜೆಂಟೀನಾ ಮತ್ತು ಉರುಗ್ವೆ ನಡುವೆ ನಡೆದ ಕೋಪಾ ಲಿಪ್ಟನ್ ಅವನದೇ ಕೊಡುಗೆ. ಆಯಾ ದೇಶದಲ್ಲೇ ಹುಟ್ಟಿದವರು ಮಾತ್ರ ಆಡತಕ್ಕದ್ದೆಂಬ ಷರತ್ತನ್ನೂ ಅದಕ್ಕೆ ಹಾಕಿದ್ದ.

1909ರ ಈಸ್ಟರ್ ಹಬ್ಬದ ಹೊತ್ತಿಗೆ ಇಟಲಿಯ ಟ್ಯೂರಿನ್ ನಗರದಲ್ಲಿ ನಡೆದ ಸರ್ ಥಾಮಸ್ ಲಿಪ್ಟನ್ ಟ್ರೋಫಿಯೂ ಇಂಥದೇ ಒಂದು ಕೊಡುಗೆ. ನಾಲ್ಕು ತಂಡಗಳು: ಜರ್ಮನಿಯಿಂದ ಸ್ಟುಟ್‌ಗಾರ್ಟಿನದು, ಸ್ವಿಟ್ಜರ್ಲೆಂಡಿನಿಂದ ವಿಂಟರ್‌ಥೂರ್, ಟ್ಯೂರಿನ್ ನಗರದ ಆಟಗಾರರನ್ನು ಕೂಡಿಸಿದ ಒಂದು ತಂಡ, ಮತ್ತು ಇಂಗ್ಲೆಂಡಿನಿಂದ ವೆಸ್ಟ್ ಆಕ್ಲೆಂಡ್. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಪರವಾಗಿ ತಂಡ ಕಳುಹಿಸಲು ಒಪ್ಪಲಿಲ್ಲವೆಂಬುದು, ಆ ಜಾಗಕ್ಕೆ ಈ ಗಣಿ ಕೆಲಸಗಾರರು ಬಂದರೆಂಬುದು ಪ್ರಚಲಿತ ವಿವರಣೆ. ಅವರೇ ಏಕೆ ಎಂಬ ಪ್ರಶ್ನೆಗೆ ಒಂದು ಜನಪ್ರಿಯ ಉತ್ತರವೂ ಇದೆ. ಲಿಪ್ಟನ್ನನ ಕಡೆಯವರಿಗೆ ‘ಡಬ್ಲ್ಯು. ಎ.’ ತಂಡವನ್ನು ಕರೆಯಿರೆಂದು ಹೇಳಲಾಗಿತ್ತಂತೆ. ಅವರು ಲಂಡನ್ನಿನ ವುಲ್ವಿಚ್ ಆರ್ಸೆನಲ್ಲಿಗೆ ಹೋಗಬೇಕಾದ ಆಮಂತ್ರಣವನ್ನು ತಪ್ಪಿ ವೆಸ್ಟ್ ಆಕ್ಲೆಂಡಿಗೆ ಕಳುಹಿಸಿಬಿಟ್ಟರಂತೆ. ಕೇಳಲು ಸೊಗಸಾದ ಈ ಕಥೆಯನ್ನು ನಾನು ನಂಬುವುದಿಲ್ಲ. ವುಲ್ವಿಚ್ ಆರ್ಸೆನಲ್ ಆಗ ಇಂಗ್ಲೆಂಡಿನ ಮೊದಲ ವಿಭಾಗದಲ್ಲಿದ್ದ ವೃತ್ತಿಪರ ಕ್ಲಬ್; ಅದರ ವಿಳಾಸ ಯಾರಿಗೂ ಗೊತ್ತಿಲ್ಲದ್ದೇನಲ್ಲ. ಅದಕ್ಕಿಂತ ಮುಖ್ಯವಾಗಿ, 1911ರಲ್ಲಿಯೂ ಇದೇ ತಂಡವನ್ನು ಕರೆದರು. ಕಾಗದ ಒಮ್ಮೆ ತಪ್ಪಿ ಹೋದೀತು. ಎರಡು ವರ್ಷಗಳ ನಂತರ ಮತ್ತೆ ಅದೇ ಬಾಗಿಲಿಗೆ ತಪ್ಪಿ ಹೋಗುವುದುಂಟೆ? ಕೂಲಿಕಾರರು ಏನನ್ನಾದರೂ ಸಾಧಿಸಿದಾಗ ಅದು ಅಕಸ್ಮಾತ್ತೇ ಆಗಿರಬೇಕೆಂದು ಬಯಸುವವರು ಇಂಥ ಕಥೆಗಳನ್ನು ಪೋಷಿಸುತ್ತಾರೆ ಎಂಬುದು ನನ್ನ ಗುಮಾನಿ.

ಪ್ರಯಾಣದ ಖರ್ಚನ್ನು ಆಟಗಾರರೇ ಹೊಂದಿಸಿಕೊಳ್ಳಬೇಕಾಯಿತು. ಮನೆಯ ಸಾಮಾನುಗಳನ್ನು ಮಾರಿ, ಒತ್ತೆಯಿಟ್ಟು ದುಡ್ಡು ಕೂಡಿಸಿದರೆಂದು ಆ ಊರಿನವರು ಇಂದಿಗೂ ಹೇಳುತ್ತಾರೆ. ಗಣಿಗೆ ಇಳಿಯದ ದಿನಕ್ಕೆ ಕೂಲಿಯಿಲ್ಲ. ಹೀಗಾಗಿ ರೈಲು ಮತ್ತು ಹಡಗಿನ ಬಾಡಿಗೆಯ ಜೊತೆಗೆ ಹೋಗಿ ಬರುವ ಅಷ್ಟೂ ದಿನಗಳ ಕೂಲಿಯೂ ಖರ್ಚಿನ ಪಟ್ಟಿಗೇ ಸೇರುತ್ತದೆ. ಬಂದರಿನಲ್ಲಿ ದಿನಗೂಲಿ ಮಾಡಿದ ಅಪ್ಪನ ಮಗನಾದ ನನಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಟ್ಯೂರಿನ್ನಿನಲ್ಲಿ ಅವರು ಮೊದಲು ಸ್ಟುಟ್‌ಗಾರ್ಟಿನವರನ್ನು 2-0ರಿಂದ, ಏಪ್ರಿಲ್ 12ರಂದು ಫೈನಲ್ಲಿನಲ್ಲಿ ವಿಂಟರ್‌ಥೂರನ್ನು ಅದೇ 2-0ರಿಂದ ಸೋಲಿಸಿ, ಟ್ರೋಫಿಯೊಂದಿಗೆ ಮರಳಿ ಬಂದು ಗಣಿಗೆ ಇಳಿದರು.

1911ರಲ್ಲಿ ಮತ್ತೆ ಹೋದರು. ನಡುವೆ, 1910ರ ಆರಂಭದಲ್ಲಿ, ಗಣಿಗಳ ಎಂಟು ಗಂಟೆಯ ಕಾಯ್ದೆಯಿಂದಾಗಿ ಬದಲಾದ ಪಾಳಿ ಪದ್ಧತಿಯನ್ನು ವಿರೋಧಿಸಿ ಡರಹಂ ಗಣಿಗಳಲ್ಲಿ ಮುಷ್ಕರಗಳು ನಡೆದಿದ್ದವು. ಕೈಯಲ್ಲಿ ಹಣ ಹೆಚ್ಚಿದ್ದ ಕಾಲವಂತೂ ಅಲ್ಲ. ಈ ಸಲ ಮೊದಲ ಪಂದ್ಯದಲ್ಲಿ ಜ್ಯೂರಿಕ್ ತಂಡವನ್ನು 2-0ರಿಂದ ಗೆದ್ದು, ಏಪ್ರಿಲ್ 17ರ ಫೈನಲ್ಲಿನಲ್ಲಿ ಆತಿಥೇಯ ನಗರದ ಯುವೆಂಟಸ್ ತಂಡವನ್ನು ಎದುರಿಸಿದರು. ಯುವೆಂಟಸ್ 1897ರಲ್ಲಿ ಟ್ಯೂರಿನ್ನಿನ ಶಾಲಾ ಹುಡುಗರು ಕಟ್ಟಿದ, 1905ರಲ್ಲಿಯೇ ಇಟಲಿಯ ಚಾಂಪಿಯನ್ ಆಗಿದ್ದ ಕ್ಲಬ್. ಫಲಿತಾಂಶ: ವೆಸ್ಟ್ ಆಕ್ಲೆಂಡ್ 6, ಯುವೆಂಟಸ್ 1. ಎರಡು ಬಾರಿ ಗೆದ್ದವರಿಗೇ ಟ್ರೋಫಿ ಕಾಯಂ ಎಂದಾಗಿ, ಅದು ಡರಹಮ್ಮಿನ ಹಳ್ಳಿಗೆ ಬಂದು ನೆಲೆಸಿತು.

ಇದನ್ನೇ ಮೊದಲ ವಿಶ್ವಕಪ್ ಎಂದು ವೆಸ್ಟ್ ಆಕ್ಲೆಂಡಿನವರು ಹೆಮ್ಮೆಪಡುತ್ತಾರೆ. ಕಟ್ಟುನಿಟ್ಟಾಗಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಆಡಿದ್ದು ಕ್ಲಬ್ಬುಗಳು, ದೇಶಗಳಲ್ಲ. ಜೊತೆಗೆ 1908ರ ಲಂಡನ್ ಒಲಿಂಪಿಕ್ಸಿನಲ್ಲಿ ದೇಶ ದೇಶಗಳ ನಡುವೆಯೇ ಫುಟ್‌ಬಾಲ್ ನಡೆದಿತ್ತು. ಆದರೂ ಒಂದು ವಿಷಯವನ್ನು ಗಮನಿಸಬೇಕು. 1911ರವರೆಗೆ ಈ ಕ್ಲಬ್ ತನ್ನ ನಾರ್ದರ್ನ್ ಲೀಗನ್ನು ಒಮ್ಮೆಯೂ ಗೆದ್ದಿರಲಿಲ್ಲ. ಪಕ್ಕದ ಬಿಷಪ್ ಆಕ್ಲೆಂಡ್ ಊರಿನ ತಂಡವೇ ಆ ಸೀಮೆಯ ಹುಲಿ. ಹವ್ಯಾಸಿಗಳ ರಾಷ್ಟ್ರಮಟ್ಟದ ಪಂದ್ಯಾವಳಿಯಾದ ಅಮೆಚೂರ್ ಕಪ್ಪನ್ನು ಒಟ್ಟು 10 ಸಲ ಗೆದ್ದ, 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಆಟಗಾರರನ್ನು ಕಳೆದುಕೊಂಡ ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ತನ್ನ ಮೂವರನ್ನು ಕಳುಹಿಸಿಕೊಟ್ಟ ಕ್ಲಬ್ ಅದು. ಅಂಥವರ ಪಕ್ಕದಲ್ಲಿದ್ದು, ತಮ್ಮ ಓಣಿಯಲ್ಲೇ ಮೊದಲಿಗರಾಗದವರು ಟ್ಯೂರಿನ್ನಿಗೆ ಎರಡು ಸಲ ಹೋಗಿ ಎರಡು ಸಲವೂ ಗೆದ್ದು ಬಂದರು.

ಇನ್ನು ನನ್ನ ಕಸುಬಿಗೆ ಸಂಬಂಧಪಟ್ಟ ಭಾಗ. ಎರಡನೆಯ ಪ್ರಯಾಣ ಕ್ಲಬ್ಬನ್ನು ಸಾಲದಲ್ಲಿ ಮುಳುಗಿಸಿತು. ಸಾಲ ತೀರಿಸಲು ಬೇರೆ ದಾರಿ ಕಾಣದೆ, ಊರಿನ ವೀಟ್‌ಶೀಫ್ ಹೋಟೆಲ್ಲಿನ ಒಡತಿಯಿಂದ 40 ಪೌಂಡ್ ಪಡೆದು, ಅದಕ್ಕೆ ಪ್ರತಿಯಾಗಿ ಟ್ರೋಫಿಯನ್ನೇ ಅವಳ ಕೈಗೆ ಒಪ್ಪಿಸಿದರು. 1912ರ ವಸಂತದಲ್ಲಿ ಸುಮಾರು 10 ಲಕ್ಷ ಗಣಿ ಕಾರ್ಮಿಕರು ಕನಿಷ್ಠ ವೇತನಕ್ಕಾಗಿ ದೇಶದಾದ್ಯಂತ ಮುಷ್ಕರ ಹೂಡಿದರು, ಎರಡೇ ವರ್ಷಕ್ಕೆ ಮೊದಲ ಮಹಾಯುದ್ಧ ಬಂತು. ಬಿಡಿಸಿಕೊಳ್ಳುವ ಮಾತು ಹಿಂದೆ ಬಿತ್ತು. ಬಿಡಿಸಿಕೊಂಡದ್ದು 1960ರಲ್ಲಿ, ಅದೂ 100 ಪೌಂಡ್ ಕೊಟ್ಟು. ಸರಿಸುಮಾರು 49 ವರ್ಷ ಅದು ಅಡವಿನಲ್ಲಿತ್ತು.

ಸಂಘದ ಕ್ಯಾಲ್ಕುಲೇಟರಿನಲ್ಲಿ ನಾನು ಇದರ ಬಡ್ಡಿಯನ್ನು ಹಾಕಿ ನೋಡಿದ್ದೇನೆ. 40 ಪೌಂಡ್ ಅಸಲಿಗೆ 49 ವರ್ಷದಲ್ಲಿ 60 ಪೌಂಡ್ ಬಡ್ಡಿ ಎಂದರೆ ಸರಳಬಡ್ಡಿಯಲ್ಲಿ ವರ್ಷಕ್ಕೆ ಶೇ. 3ರಷ್ಟಾಗುತ್ತದೆ, ಚಕ್ರಬಡ್ಡಿ ಹಿಡಿದರೆ ಶೇ. 2ನ್ನೂ ಮುಟ್ಟುವುದಿಲ್ಲ. ಎರಡು ಮಹಾಯುದ್ಧಗಳು ಪೌಂಡಿನ ಬೆಲೆಯನ್ನು ಎಷ್ಟು ತಗ್ಗಿಸಿದ್ದವು ಎಂಬುದನ್ನು ನೆನೆದರೆ, ಸಾಲ ಕೊಟ್ಟವಳಿಗೆ ಅಸಲೂ ಪೂರ್ತಿ ಮರಳಲಿಲ್ಲ. ನಮ್ಮಲ್ಲಿ ಕಂತು ತಪ್ಪಿದ ಒಡವೆಗೆ ನೋಟಿಸು ಹೋಗುತ್ತದೆ, ಆಮೇಲೆ ಪತ್ರಿಕೆಯಲ್ಲಿ ಹರಾಜಿನ ಪ್ರಕಟಣೆ ಬರುತ್ತದೆ. ವೀಟ್‌ಶೀಫ್ ಹೋಟೆಲ್ಲಿನ ಒಡತಿ ಅದನ್ನು ಮಾರಲಿಲ್ಲ, ಕರಗಿಸಲಿಲ್ಲ. ವೆಸ್ಟ್ ಆಕ್ಲೆಂಡಿನ ಚರಿತ್ರೆ ಹೇಳುವವರು ಆರು ಗೋಲುಗಳ ಬಗ್ಗೆ ಪುಟಗಟ್ಟಲೆ ಹೇಳಿ ಅವಳನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ; ನನಗಂತೂ ಇಡೀ ವೃತ್ತಾಂತದಲ್ಲಿ ಅವಳೇ ಎದ್ದು ಕಾಣುತ್ತಾಳೆ.

ಅಡವು ಎಂಬ ಮಾತು ನಮ್ಮ ಮನೆಯಲ್ಲಿ ಹೊಸದಲ್ಲ. ಬಾಗಲಕೋಟೆಯ ಕಡೆಯಿಂದ ಬಂದ ಅಪ್ಪ ಮುರಗಾಂವ್ ಬಂದರಿನಲ್ಲಿ ಅದಿರಿನ ಕೆಲಸಕ್ಕೆ ನಿಂತವರು. ಗೋವೆಯ ಗಣಿಗಳ ಅದಿರು ಬಾರ್ಜುಗಳಲ್ಲಿ ನದಿಯ ಮೇಲೆ ಬಂದರೆ, ಬಳ್ಳಾರಿ-ಹೊಸಪೇಟೆಯ ಅದಿರು ಲೋಂಡಾ, ಕ್ಯಾಸಲ್‌ರಾಕ್ ಮೇಲಿಂದ ರೈಲಿನಲ್ಲಿ ಬರುತ್ತಿತ್ತು. "ನಮ್ಮ ಕಡೀ ಮಣ್ಣೂ ಇಲ್ಲಿಗೇ ಬರ್ತೈತಿ, ನಾವೂ ಇಲ್ಲಿಗೇ ಬಂದೀವಿ" ಎಂದು ಅಪ್ಪ ಕೆಂಪು ಧೂಳು ಹಿಡಿದ ಅಂಗಿಯನ್ನು ಕೊಡವುತ್ತ ಅನ್ನುತ್ತಿದ್ದರು. ಪ್ರತಿ ಜೂನ್ ತಿಂಗಳಲ್ಲಿ, ಮಳೆಗೆ ಕೆಲಸ ತಗ್ಗುವುದೂ ನಮ್ಮ ಶಾಲೆ ತೆರೆಯುವುದೂ ಒಟ್ಟಿಗೇ ಆದಾಗ, ಅವ್ವನ ಬೋರಮಾಳ ಸರ ಅಡವಿಗೆ ಹೋಗುತ್ತಿತ್ತು; ದೀಪಾವಳಿಯ ಹೊತ್ತಿಗೆ ಬಿಡಿಸಿಕೊಂಡರೆ ಆ ವರ್ಷ ಚೆನ್ನಾಗಿ ಹೋಯಿತೆಂದು ಲೆಕ್ಕ. ರವಿವಾರ ತಿಲಕ್ ಮೈದಾನದಲ್ಲಿ ಪಂದ್ಯವಿದ್ದರೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಕನ್ನಡದಲ್ಲಿ ಬೈಯುತ್ತ, ಕೊಂಕಣಿಯಲ್ಲಿ ಹುರಿದುಂಬಿಸುತ್ತ ಪಂದ್ಯ ನೋಡುವ ಪದ್ಧತಿಯನ್ನು ನಾನು ಅವರಿಂದಲೇ ಕಲಿತದ್ದು.

ಅಪ್ಪ ಕೂಗಿ ಹುರಿದುಂಬಿಸುತ್ತಿದ್ದ ತಂಡ ವಾಸ್ಕೊದ ಸಾಲಗಾಂವಕರ್. ಅದು 1998-99ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಾಗ ನಮ್ಮ ಚಾಳಿನಲ್ಲೂ ಪಟಾಕಿ ಹೊಡೆದಿದ್ದೆವು. ಪಣಜಿಯ ದೆಂಪೊ ಕ್ಲಬ್ಬಂತೂ 2005ರಿಂದ 2012ರ ನಡುವೆ ದೇಶದ ಲೀಗನ್ನು ಐದು ಬಾರಿ ಗೆದ್ದಿತು. ಎರಡೂ ಗಣಿ ಉದ್ಯಮದ ಮನೆತನಗಳು ನಡೆಸಿದ ಕ್ಲಬ್ಬುಗಳು. ಗೋವೆಯಲ್ಲಿ ಅದಿರು ಮತ್ತು ಫುಟ್‌ಬಾಲಿನ ನಂಟು ಹಾಗೆಯೇ ಬೆಳೆದದ್ದು: ಮಣ್ಣು ಅಗೆಯುವವರು, ತುಂಬುವವರು ಅಂಚಿನಲ್ಲಿ ನಿಂತು ನೋಡುವವರು, ಹಣ ಮಾಲೀಕರದು, ತೀರ್ಮಾನವೂ ಅವರದು. 2012ರ ಸೆಪ್ಟೆಂಬರಿನಲ್ಲಿ ರಾಜ್ಯದ ಗಣಿಗಾರಿಕೆ ನಿಂತಿತು. ಮುಂದೆ 2016ರಲ್ಲಿ, ದೇಶದ ಲೀಗನ್ನು ಮರುರೂಪಿಸುವ ಅಖಿಲ ಭಾರತ ಫೆಡರೇಷನ್ನಿನ ಯೋಜನೆಯನ್ನು ಒಪ್ಪದೆ ಈ ಎರಡೂ ಕ್ಲಬ್ಬುಗಳು ಐ-ಲೀಗ್ ಎಂಬ ಆ ಲೀಗಿನಿಂದ ಹೊರಬಂದವು. ಆ ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ಇಲ್ಲಿ ಚರ್ಚಿಸುವುದಿಲ್ಲ. ಅಂಚಿನಲ್ಲಿ ನಿಂತಿದ್ದ ನಮಗೆ ಸುದ್ದಿ ತಿಳಿದದ್ದು ಪತ್ರಿಕೆಯಿಂದ ಎಂಬುದನ್ನಷ್ಟೇ ಹೇಳುತ್ತೇನೆ. ವೆಸ್ಟ್ ಆಕ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಕಲ್ಲಿದ್ದಲು ಅಗೆದವರೇ ಆಡಿದರು, ಸಾಲ ಮಾಡಿದವರೂ ಅವರೇ, ಅಡವಿಟ್ಟವರೂ ಅವರೇ. ಆ ಕ್ಲಬ್ಬಿನ ಮೇಲೆ ನನಗೆ ಹುಟ್ಟಿದ ಮೋಹಕ್ಕೆ ಯುವೆಂಟಸ್ ವಿರುದ್ಧದ ಗೆಲುವಿಗಿಂತ ಇದೇ ಹೆಚ್ಚಿನ ಕಾರಣ.

ಟ್ರೋಫಿಯನ್ನು ಬಿಡಿಸಿಕೊಂಡ ವರ್ಷವೇ, ಅಂದರೆ 1959-60ರ ಋತುವಿನಲ್ಲಿ, ವೆಸ್ಟ್ ಆಕ್ಲೆಂಡ್ ಟೌನ್ ತನ್ನ ಲೀಗನ್ನು ಮೊದಲ ಬಾರಿ ಗೆದ್ದಿತು. ಟ್ಯೂರಿನ್ನಿನಲ್ಲಿ ಗೆದ್ದ ಅರ್ಧ ಶತಮಾನದ ನಂತರ! ಮರುವರ್ಷ ಮತ್ತೆ ಲೀಗ್ ಗೆದ್ದು, 1961ರ ಅಮೆಚೂರ್ ಕಪ್ಪಿನ ಫೈನಲ್ಲಿಗೂ ಏರಿ, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ವಾಲ್ಥಮ್‌ಸ್ಟೋ ಅವೆನ್ಯೂ ತಂಡಕ್ಕೆ 1-2ರಿಂದ ಸೋತಿತು. ಆ ಎರಡು ವರ್ಷಗಳೇ ಕ್ಲಬ್ಬಿನ ನಿಜವಾದ ಸುಗ್ಗಿಯ ಕಾಲ ಎನ್ನಬಹುದಾದರೂ ಅದರ ಬಗ್ಗೆ ಹೊರಗೆ ಮಾತೇ ಇಲ್ಲ. 1974ರಲ್ಲಿ ಇಂಗ್ಲೆಂಡಿನಲ್ಲಿ ಹವ್ಯಾಸಿ ಮತ್ತು ವೃತ್ತಿಪರ ಎಂಬ ಭೇದವನ್ನೇ ತೆಗೆದುಹಾಕಿದಾಗ ಅಮೆಚೂರ್ ಕಪ್ ಕೂಡ ಕೊನೆಗೊಂಡು, ಸಣ್ಣ ಕ್ಲಬ್ಬುಗಳಿಗಾಗಿ ಎಫ್.ಎ. ವಾಸ್ ಎಂಬ ಬೇರೆ ಪಂದ್ಯಾವಳಿ ಆರಂಭವಾಯಿತು. ಅದರ ಫೈನಲ್ಲಿಗೂ ವೆಸ್ಟ್ ಆಕ್ಲೆಂಡ್ ಎರಡು ಬಾರಿ ತಲುಪಿದೆ: 2012ರಲ್ಲಿ ಡನ್‌ಸ್ಟನ್ ತಂಡಕ್ಕೆ 0-2ರಿಂದ, 2014ರಲ್ಲಿ ಶೋಲಿಂಗ್ ತಂಡಕ್ಕೆ 0-1ರಿಂದ ಸೋಲು. ಟ್ಯೂರಿನ್ನಿನಲ್ಲಿ ಒಂದೂ ಪಂದ್ಯ ಸೋಲದ ಕ್ಲಬ್ಬಿಗೆ ವೆಂಬ್ಲಿ ಮಾತ್ರ ಒಲಿದಿಲ್ಲ; ಮೂರು ಸಲ ಹೋಗಿ ಮೂರು ಸಲವೂ ಬರಿಗೈಯಲ್ಲಿ ಬಂದಿದೆ.

ಬಿಡಿಸಿ ತಂದ ಟ್ರೋಫಿಯ ಕಥೆ ಸುಖಾಂತವಾಗಲಿಲ್ಲ. ಊರಿನ ಕಾರ್ಮಿಕರ ಕ್ಲಬ್ಬಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಅದನ್ನು 1994ರ ಜನವರಿಯಲ್ಲಿ ಕಳ್ಳರು ಒಯ್ದರು, ಮತ್ತೆ ಸಿಗಲಿಲ್ಲ. ಈಗ ಇರುವುದು ಅದರ ತದ್ರೂಪು. 1930ರಲ್ಲಿ ಉರುಗ್ವೆಯಲ್ಲಿ ಆರಂಭವಾದ ವಿಶ್ವಕಪ್ಪಿನ ಮೂಲ ಟ್ರೋಫಿಯೂ 1966ರಲ್ಲಿ ಲಂಡನ್ನಿನಲ್ಲಿ ಕಳುವಾಗಿ, ಪಿಕಲ್ಸ್ ಎಂಬ ನಾಯಿಯ ಮೂಗಿಗೆ ಸಿಕ್ಕಿ, ಕೊನೆಗೆ 1983ರಲ್ಲಿ ರಿಯೊ ನಗರದಲ್ಲಿ ಮತ್ತೆ ಕಳುವಾಗಿ ಇಲ್ಲವಾಯಿತು. ಈ ಒಂದು ವಿಷಯದಲ್ಲಾದರೂ ಎರಡು ‘ಮೊದಲ’ ವಿಶ್ವಕಪ್ಪುಗಳು ಸಮ. ಆದರೆ ಅಡವಿನ ಕೌಂಟರಿನಲ್ಲಿ ಕೂತವನಿಗೆ ಕಾಡುವ ಲೆಕ್ಕ ಬೇರೆ. ಪರರ ಕೈಯಲ್ಲಿ ಒತ್ತೆಯಾಗಿ ಇದ್ದ 49 ವರ್ಷ ಅದಕ್ಕೆ ಏನೂ ಆಗಲಿಲ್ಲ. ಸ್ವಂತದವರ ಕೈಗೆ ಬಂದು 34 ವರ್ಷಕ್ಕೆ ಹೋಯಿತು. ಇದನ್ನು ಅವ್ವನಿಗೆ ಹೇಳಿದಾಗ ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಮತ್ತ? ಅಡಾ ಇಟ್ಟದ್ದಕ್ಕ ಕಾವಲಿರ್ತೈತಿ. ಮನ್ಯಾಗ ಇದ್ದದ್ದಕ್ಕ ಯಾರು ಕಾವಲ?" ಎಂದಳು. ಆಕೆಯ ಬೋರಮಾಳ ಈಗಲೂ ನಮ್ಮ ಸಂಘದ ಲಾಕರಿನಲ್ಲಿದೆ, ಸಾಲವಿಲ್ಲದೆ.

2013ರಲ್ಲಿ ಆ ಊರಿನ ಹಸಿರು ಬಯಲಿನಲ್ಲಿ ಗಣಿಗಾರ ಮತ್ತು ಫುಟ್‌ಬಾಲ್ ಆಟಗಾರರ ಒಂದು ಶಿಲ್ಪವನ್ನು ನಿಲ್ಲಿಸಿದ್ದಾರೆ. ನಾನು ಅದನ್ನು ಚಿತ್ರದಲ್ಲಷ್ಟೇ ನೋಡಿದ್ದೇನೆ. ತಂಡ ಈಗಲೂ ಡಾರ್ಲಿಂಗ್ಟನ್ ರಸ್ತೆಯ ತನ್ನ ಹಳೆಯ ಮೈದಾನದಲ್ಲಿ ಆಡುತ್ತದೆ. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಮೂರಕ್ಕೆ ಆರಂಭವಾಗುವ ಪಂದ್ಯ ನಮ್ಮಲ್ಲಿ ರಾತ್ರಿ ಎಂಟೂವರೆಗೆ. ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ ಫಲಿತಾಂಶ ಫೋನಿನಲ್ಲಿ ಬಂದಿರುತ್ತದೆ. ಕೌಂಟರಿಗೆ ಬಂದಿದ್ದ ಹುಡುಗನ ತಂಡಕ್ಕೆ ಓಣಿಯ ಕಿರಾಣಿ ಅಂಗಡಿಯವರು ಜೆರ್ಸಿ ಕೊಡಿಸಿದರೆಂದು ಆಮೇಲೆ ತಿಳಿಯಿತು. ಬೆನ್ನ ಮೇಲೆ ಅಂಗಡಿಯ ಹೆಸರಿದೆ, ಸೆಮಿಫೈನಲ್ಲಿನಲ್ಲಿ ಸೋತರಂತೆ. ಶನಿವಾರ ರಾತ್ರಿ ನಾನು ಫೋನ್ ತೆಗೆದರೆ ಅವ್ವ ಒಳಗಿನಿಂದಲೇ ಕೇಳುತ್ತಾಳೆ: "ಗೆದ್ದರೇನೋ ನಿನ್ನ ಇದ್ದಲಿ ಮಂದಿ?"